ಮನೆಯಲ್ಲಿ ಮಾಡಿದ ಮಾವಿನಹಣ್ಣಿನ ಸಾಲ್ಸಾ ನೀರು ನೀರಾಗುತ್ತದೆ, ಏನು ತಪ್ಪು ಮಾಡುತ್ತಿದ್ದೇನೆ?

ನಿಮ್ಮ ಮನೆಯಲ್ಲಿ ಕೋಸಂಬರಿಗೆ ಉಪ್ಪು ಯಾವಾಗ ಹಾಕುತ್ತಾರೆ? ಇನ್ನೇನು ಎಲೆಗೆ ಬಡಿಸಬೇಕು ಅನ್ನುವಾಗ, ಅಲ್ವಾ? ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟುಕೊಳ್ಳುತ್ತದೆ. ಸಾಲ್ಸಾ ಅಂದರೆ ಹೆಚ್ಚಿದ ಹಣ್ಣು, ಈರುಳ್ಳಿ, ಮೆಣಸಿನಕಾಯಿ ಬೆರೆಸಿದ ಮೆಕ್ಸಿಕೋ ಕಡೆಯ ಕೋಸಂಬರಿ ಅನ್ನಿ, ಅದರ ಕಥೆಯೂ ಅದೇ. ಹಣ್ಣು ಹೆಚ್ಚಿ, ಉಪ್ಪು, ನಿಂಬೆರಸ ಎಲ್ಲ ಬೆರೆಸಿ ಒಂದು ಗಂಟೆ ಫ್ರಿಜ್ಜಿನಲ್ಲಿಟ್ಟೆ ಎಂದು ಬರೆದಿದ್ದೀರಿ. ಆ ಒಂದು ಗಂಟೆಯಲ್ಲಿ ಉಪ್ಪು ಹಣ್ಣಿನೊಳಗಿನ ನೀರನ್ನೆಲ್ಲ ಹೊರಗೆ ಎಳೆದುಬಿಟ್ಟಿದೆ.

ಇನ್ನೊಂದು ಕಾರಣ ಹಣ್ಣೇ ಇರಬೇಕು. ನಾನು ಮೊದಲ ಸಲ ಮಾಡಿದ್ದು ಚೆನ್ನಾಗಿ ಕಳಿತ ರಸಪುರಿಯಲ್ಲಿ. ಹಣ್ಣು ಸಿಹಿ ಇದ್ದಷ್ಟೂ ಒಳ್ಳೆಯದು ಅಂದುಕೊಂಡಿದ್ದೆ. ನೆಂಟರ ಮುಂದೆ ಇಟ್ಟಾಗ ಅದು ಈರುಳ್ಳಿ ಹಾಕಿದ ಸೀಕರಣೆ ಆಗಿತ್ತು. ಯಾರೂ ಏನೂ ಅನ್ನಲಿಲ್ಲ, ಎರಡನೇ ಸಲ ಬಡಿಸಿಕೊಳ್ಳಲೂ ಇಲ್ಲ!

ಆಮೇಲಿಂದ ನಾನು ತೋತಾಪುರಿಗೇ ಅಂಟಿಕೊಂಡಿದ್ದೇನೆ, ನಮ್ಮ ಗಿಣಿಮೂತಿ ಮಾವು. ಅದೂ ಪೂರ್ತಿ ಹಣ್ಣಲ್ಲ, ದೋರೆಗಾಯಿ. ಒತ್ತಿದರೆ ಸ್ವಲ್ಪವೇ ಮೆತ್ತಗಿರಬೇಕು. ಚಾಕುವಿಗೆ ನೀಟಾಗಿ ತುಂಡಾಗುತ್ತದೆ, ಹುಳಿಯೂ ಇರುತ್ತದೆ, ಸಿಹಿಯೂ ಇರುತ್ತದೆ. ಬಾದಾಮಿಯೇ ಬೇಕು ಅನ್ನುವುದಾದರೆ ಗಟ್ಟಿ ಇರುವಾಗಲೇ ಹೆಚ್ಚಿ.

ಎರಡು ಮಾವಿಗೆ ಅರ್ಧ ಸಣ್ಣ ಈರುಳ್ಳಿ, ಒಂದು ಟೊಮೇಟೊ, ಒಂದು ಹಸಿಮೆಣಸಿನಕಾಯಿ, ಒಂದು ಹಿಡಿ ಕೊತ್ತಂಬರಿ ಸೊಪ್ಪು, ಒಂದು ನಿಂಬೆಹಣ್ಣು, ಕಾಲು ಚಮಚ ಉಪ್ಪು. ಈರುಳ್ಳಿಯನ್ನು ಸಣ್ಣಗೆ ಹೆಚ್ಚಿ ಹತ್ತು ನಿಮಿಷ ತಣ್ಣೀರಿನಲ್ಲಿ ಹಾಕಿಡಿ, ಘಾಟು ಹೋಗುತ್ತದೆ. ತೆಗೆದ ಮೇಲೆ ಬಟ್ಟೆಯಲ್ಲಿ ಒತ್ತಿ ಒರೆಸಿ. ಟೊಮೇಟೊದ ಬೀಜ, ಲೋಳೆ ಸಾರಿಗೆ ಹೋಗಲಿ, ಹೊರಗಿನ ಗಟ್ಟಿ ಭಾಗ ಮಾತ್ರ ಇಲ್ಲಿಗೆ. ಎಲ್ಲವನ್ನೂ ಹೆಚ್ಚಿ ಬೇರೆ ಬೇರೆ ಬಟ್ಟಲಲ್ಲಿ ಫ್ರಿಜ್ಜಿನಲ್ಲಿಡಿ, ತೊಂದರೆಯಿಲ್ಲ. ಬೆರೆಸುವುದು, ಉಪ್ಪು, ನಿಂಬೆರಸ ಹಾಕುವುದು ಮಾತ್ರ ತಿನ್ನುವುದಕ್ಕೆ ಹತ್ತು ನಿಮಿಷ ಮುಂಚೆ. ಅಷ್ಟು ಹೊತ್ತು ಸಾಕು, ರುಚಿ ಹೊಂದಿಕೊಳ್ಳುತ್ತದೆ. ಮಿಕ್ಸಿಯ ಹತ್ತಿರ ಹೋಗಲೇಬೇಡಿ.

ಖಾರದ ಬಗ್ಗೆ ಒಂದು ಮಾತು. ಇಂಗ್ಲಿಷ್ ರೆಸಿಪಿಗಳಲ್ಲಿ ಎರಡು ಹಲಪೇನ್ಯೊ ಎಂದು ಬರೆದಿರುತ್ತಾರೆ. ಅದು ದಪ್ಪ, ಖಾರ ಕಡಿಮೆ. ಅದೇ ಲೆಕ್ಕದಲ್ಲಿ ನಮ್ಮ ಸಣ್ಣ ಮೆಣಸಿನಕಾಯಿ ಎರಡು ಹಾಕಿದರೆ ಮಾವಿನ ರುಚಿ ಸತ್ತುಹೋಗುತ್ತದೆ. ಅಂದ ಹಾಗೆ, ಈ ಮೆಣಸಿನಕಾಯಿ, ಟೊಮೇಟೊ ಎರಡೂ ಅಮೆರಿಕ ಖಂಡದಿಂದ ನಮ್ಮ ಕಡೆ ಬಂದವು. ಮಾವು ನಮ್ಮ ಕಡೆಯಿಂದ ಅಲ್ಲಿಗೆ ಹೋಯಿತು. ಮೆಕ್ಸಿಕೋದ ಬೀದಿಗಳಲ್ಲೂ ಮಾವಿನಕಾಯಿಗೆ ಉಪ್ಪು, ಖಾರ, ನಿಂಬೆರಸ ಹಾಕಿ ಮಾರುತ್ತಾರೆ. ನಮ್ಮ ಗಾಡಿಯವರು ಕೇಳಿದರೆ ನಗುತ್ತಾರೆ.

ಮಾವಿನ ಕಾಲ ಮುಗಿದ ಮೇಲೆ ಅನಾನಸ್ ಒಳ್ಳೆಯದು. ಆದರೆ ಹಸಿಯಾಗಿ ಹಾಕಿದರೆ ಕೆಲವರಿಗೆ ನಾಲಿಗೆ ಚುರುಗುಟ್ಟುತ್ತದೆ. ಕಾದ ಕಾವಲಿಯ ಮೇಲೆ ಹೋಳುಗಳನ್ನು ಎರಡೂ ಕಡೆ ಕಂದು ಬಣ್ಣ ಬರುವವರೆಗೆ ಸುಟ್ಟು, ಆರಿಸಿ ಹೆಚ್ಚಿ. ನೀರೂ ಇಂಗುತ್ತದೆ, ಸಿಹಿಯೂ ಜಾಸ್ತಿಯಾಗುತ್ತದೆ. ಗಟ್ಟಿ ಪಪ್ಪಾಯಿ, ಸೀಬೆ ಪರವಾಗಿಲ್ಲ. ಕಲ್ಲಂಗಡಿ ಮಾತ್ರ ಬೇಡ, ಅದನ್ನು ಸುಮ್ನೆ ಹಾಗೇ ತಿನ್ನಿ.

ಇದರ ಜೊತೆ ತಿನ್ನಲು ನಾಚೋಸ್ (ಮೆಕ್ಕೆಜೋಳದ ಚಿಪ್ಸ್) ಪೊಟ್ಟಣಕ್ಕೆ ದುಡ್ಡು ಕೊಡಲೇಬೇಕು ಅಂತೇನಿಲ್ಲ. ನಮ್ಮ ಮನೆಯಲ್ಲಿ ಸುಟ್ಟ ಅಕ್ಕಿ ಹಪ್ಪಳದ ಜೊತೆ ತಿನ್ನುತ್ತೇವೆ. ಅವತ್ತೇ ಮುಗಿಸಿ, ಮರುದಿನಕ್ಕೆ ಇದು ಚೆನ್ನಾಗಿರುವುದಿಲ್ಲ. ಬಟ್ಟಲಿನ ತಳದಲ್ಲಿ ಎಷ್ಟೇ ಜೋಪಾನ ಮಾಡಿದರೂ ಎರಡು ಚಮಚ ರಸ ಉಳಿಯುತ್ತದೆ. ಅದು ಹೆಚ್ಚಿದವರ ಪಾಲು.