ಪ್ರೊಬಯಾಟಿಕ್ ಕ್ಯಾಪ್ಸೂಲ್ ತಿಂದರೆ ತೂಕ ಇಳಿಯುತ್ತಾ?

ವಯಸ್ಸು 41, ತೂಕ 86 ಕೆಜಿ, 1,800 ರೂಪಾಯಿಯ ಪ್ರೊಬಯಾಟಿಕ್ (ಹೊಟ್ಟೆಗೆ ಒಳ್ಳೇದು ಅಂತ ತಿನ್ನೋ ಜೀವಂತ ಬ್ಯಾಕ್ಟೀರಿಯಾ) ಡಬ್ಬಿ ತಗೊಳ್ಳಲಾ, ಮನೆ ಮೊಸರೇ ಸಾಕಾ ಅಂತ ಕೇಳಿದ್ದೀರಿ. ನನ್ನದು ಮೆಡಿಕಲ್ ಶಾಪ್. ಮಾರುವವನೇ ಹೇಳುತ್ತಿದ್ದೇನೆ, ತೂಕ ಇಳಿಸೋಕೆ ಅಂತಾದರೆ ಬೇಡ.

ನಾನೂ ತಿಂದು ನೋಡಿದವನೇ. ಹೋದ ವರ್ಷ 88 ಕೆಜಿ ಇದ್ದೆ. ಗಲ್ಲಾ ಹಿಂದೆ ದಿನಕ್ಕೆ ಹನ್ನೊಂದು ಗಂಟೆ ಕೂತರೆ ಇನ್ನೇನಾಗುತ್ತದೆ. ಮೂರು ತಿಂಗಳು ಬಿಡದೆ ದಿನಾ ಬೆಳಿಗ್ಗೆ ಒಂದು ಕ್ಯಾಪ್ಸೂಲ್ ನುಂಗಿದೆ. ಮೊದಲ ವಾರ ಹೊಟ್ಟೆಯುಬ್ಬರ, ಗ್ಯಾಸು. ಆಮೇಲೆ ಬೆಳಗಿನ ಕೆಲಸ ಸರಾಗ ಆಯಿತು, ಅದು ಸುಳ್ಳಲ್ಲ. ತೂಕ ಮಾತ್ರ 87.3ಕ್ಕೆ ನಿಂತಿತು. ಅಂಗಡಿಯಲ್ಲೇ ಮಿಷನ್ ಇದೆಯಲ್ಲ, ಸುಮ್ನೆ ಬೆಳಿಗ್ಗೆ ರಾತ್ರಿ ಎರಡು ಹೊತ್ತೂ ಹತ್ತಿ ನೋಡುತ್ತಿದ್ದೆ. ಮುದ್ದೆ ಸಾರು ಉಂಡು ಎರಡು ಲೋಟ ಮಜ್ಜಿಗೆ ಕುಡಿದು ಹತ್ತಿದರೆ ಆ ಏಳುನೂರು ಗ್ರಾಂ ಅಲ್ಲೇ ವಾಪಸ್.

ನನ್ನ ಹಣೆಬರಹವೇ ಹೀಗಾ ಅಂತ ಹುಡುಕಿ ಓದಿದೆ. ದಪ್ಪ ಇರುವವರ ಮೇಲೆ ನಡೆದ 15 ಪ್ರಯೋಗಗಳನ್ನು ಒಟ್ಟು ಸೇರಿಸಿ 2018ರಲ್ಲಿ ಲೆಕ್ಕ ಹಾಕಿದ್ದಾರೆ, 957 ಜನ. ಔಷಧಿಯೇ ಇಲ್ಲದ ಮಾತ್ರೆ ತಿಂದವರಿಗಿಂತ ಪ್ರೊಬಯಾಟಿಕ್ ತಿಂದವರಿಗೆ ಸರಾಸರಿ ಇಳಿದದ್ದು 600 ಗ್ರಾಂ ಜಾಸ್ತಿ. ಅಷ್ಟೇ.

ಜಪಾನಿನ ಪ್ರಯೋಗ ಸ್ವಲ್ಪ ಆಸೆ ಹುಟ್ಟಿಸುತ್ತದೆ. 2010ರಲ್ಲಿ 87 ಜನರನ್ನು ತಗೊಂಡು, ಅದರಲ್ಲಿ ಒಂದು ಗುಂಪಿಗೆ ಲ್ಯಾಕ್ಟೋಬ್ಯಾಸಿಲಸ್ ಗ್ಯಾಸೆರಿ ಎಸ್‌ಬಿಟಿ2055 ಅನ್ನೋ ಬ್ಯಾಕ್ಟೀರಿಯಾ ಹಾಕಿದ ಹುಳಿ ಹಾಲನ್ನು 12 ವಾರ ಕೊಟ್ಟರು, ಹೊಟ್ಟೆಯೊಳಗಿನ ಕೊಬ್ಬು 4.6 ಶೇಕಡಾ ಇಳಿಯಿತು. ಆದರೆ ಅದೇ ಬ್ಯಾಕ್ಟೀರಿಯಾವನ್ನು ಆಮೇಲೆ 210 ಜನರಿಗೆ ಕೊಟ್ಟು ನೋಡಿದಾಗ, ಕುಡಿಯೋದು ನಿಲ್ಲಿಸಿದ ನಾಲ್ಕೇ ವಾರಕ್ಕೆ ಲಾಭ ಕರಗುತ್ತಾ ಬಂತು. ಜೀವನಪೂರ್ತಿ ತಿಂತೀರಾ?

ಇನ್ನೊಂದು ಕೆನಡಾದ್ದು, 2014ರದು. ಡಯಟ್ ಮಾಡುತ್ತಿದ್ದ 125 ಜನ, ಕೊಟ್ಟಿದ್ದು ಬೇರೆ ತಳಿಯ ಬ್ಯಾಕ್ಟೀರಿಯಾ. ಹೆಂಗಸರಿಗೆ 12 ವಾರದಲ್ಲಿ 4.4 ಕೆಜಿ ಇಳಿಯಿತು, ಬರೀ ಡಯಟ್ ಮಾಡಿದ ಹೆಂಗಸರಿಗೆ 2.6. ಗಂಡಸರಿಗೆ ಏನೂ ವ್ಯತ್ಯಾಸ ಇಲ್ಲ. ಇದನ್ನು ಮನೆಯಲ್ಲಿ ಹೇಳಿದ್ದೇ ತಪ್ಪಾಯಿತು, ನನ್ನ ಮಿಕ್ಕ ಡಬ್ಬಿ ಹೆಂಡತಿ ಪಾಲಾಯಿತು!

ಇಲ್ಲಿ ತಳಿಯೇ ಮುಖ್ಯ. ಮಲೆನಾಡು ಗಿಡ್ಡವೂ ಹಸುವೇ, ಎಚ್‌ಎಫ್ಫೂ ಹಸುವೇ, ಕರೆದರೆ ಸಿಗೋ ಹಾಲು ಒಂದೇನಾ? ಡಬ್ಬಿ ಮೇಲೆ 50 ಬಿಲಿಯನ್ ಬ್ಯಾಕ್ಟೀರಿಯಾ ಅಂತ ದೊಡ್ಡದಾಗಿ ಇರುತ್ತದೆ. ಹೆಸರಿನ ಮುಂದೆ ಎಸ್‌ಬಿಟಿ2055 ತರ ತಳಿಯ ನಂಬರ್ ಇದೆಯಾ ನೋಡಿ. ನನ್ನ ಶೆಲ್ಫಿನಲ್ಲಿರೋ ನಾಲ್ಕರಲ್ಲಿ ಮೂರರ ಮೇಲೆ ಇಲ್ಲ. ಮೇಲಾಗಿ ಇವು ಜೀವ ಇರೋ ಬ್ಯಾಕ್ಟೀರಿಯಾ. ಕೆಲವನ್ನು ಫ್ರಿಜ್‌ನಲ್ಲೇ ಇಡಬೇಕು. ಏಪ್ರಿಲ್ ಬಿಸಿಲಿನಲ್ಲಿ ಸ್ಕೂಟರ್ ಡಿಕ್ಕಿಯಲ್ಲಿ ಮರೆತು ಎರಡು ದಿನ ಬಿಟ್ಟು ತಿನ್ನೋವ್ರನ್ನೂ ನೋಡಿದ್ದೇನೆ.

ಮೊಸರು ತಿನ್ನಿ, ಒಳ್ಳೇದು, ಆದರೆ ತೂಕ ಇಳಿಸೋ ಔಷಧಿ ಅಂತ ಅಲ್ಲ. ಸಿಹಿ ಪ್ರೊಬಯಾಟಿಕ್ ಡ್ರಿಂಕ್ ತಗೊಳ್ಳೋ ಮುಂಚೆ ಸಕ್ಕರೆ ಎಷ್ಟಿದೆ ಓದಿ. ಆಂಟಿಬಯಾಟಿಕ್ ಜೊತೆ ಡಾಕ್ಟರು ಸ್ಯಾಚೆಟ್ ಬರೆದರೆ ಅದು ಬೇರೆ ಲೆಕ್ಕ, ಭೇದಿ ಆಗದಿರಲಿ ಅಂತ ಕೊಡೋದು. ಕೀಮೋ ತಗೊಳ್ಳುತ್ತಿರುವವರು, ರೋಗನಿರೋಧಕ ಶಕ್ತಿ ಕಮ್ಮಿ ಇರುವವರು ಕೇಳದೆ ಮುಟ್ಟಲೇಬಾರದು.

ನನಗೆ ಆಮೇಲೆ 5 ಕೆಜಿ ಇಳಿಯಿತು, ಅದು ಪಕ್ಕದ ಬೇಕರಿಯ ಸಂಜೆ ಖಾರಾ ಬನ್ನು ಮತ್ತು ರಾತ್ರಿ ಎರಡನೇ ಸಲದ ಅನ್ನ ಬಿಟ್ಟು, ಅಂಗಡಿಗೆ ನಡೆದೇ ಹೋಗೋಕೆ ಶುರು ಮಾಡಿದ ಮೇಲೆ. ಆರು ತಿಂಗಳು ಹಿಡಿಯಿತು.

ಡಬ್ಬಿ ಆಗಲೇ ತಂದಿದ್ದರೆ ಸೀಲ್ ಒಡೆಯೋ ಮುಂಚೆ ವಾಪಸ್ ಕೇಳಿ. ಒಡೆದ ಮೇಲೆ ನಾವ್ಯಾರೂ ತಗೊಳ್ಳೋದಿಲ್ಲ.