ಮೊದಲ ಆಫ್ರಿಕಾ ಸಫಾರಿಗೆ ಮಸಾಯಿ ಮಾರಾನಾ, ಸೆರೆಂಗೆಟಿನಾ, ಕ್ರೂಗರ್ರಾ?

ಮಗಳಿಗೆ ಹತ್ತು ವರ್ಷ, ಅಪ್ಪ ಅಮ್ಮನಿಗೆ ಅರವತ್ತೈದು ದಾಟಿದೆ, ಏಪ್ರಿಲ್-ಮೇ ರಜೆ ಬಿಟ್ಟರೆ ಬೇರೆ ಸಮಯ ಸಿಗಲ್ಲ ಅಂತ ಬರೆದಿದ್ದೀರಿ. ಹಾಗಿದ್ದರೆ ದಕ್ಷಿಣ ಆಫ್ರಿಕಾದ ಕ್ರೂಗರ್‌ಗೆ ಹೋಗಿ. ಅದೂ ಮೇ ತಿಂಗಳಲ್ಲಿ.

ಕಾರಣ ಮಳೆ. ಮಸಾಯಿ ಮಾರಾ ಇರುವ ಕೀನ್ಯಾ, ಸೆರೆಂಗೆಟಿ ಇರುವ ತಾಂಜಾನಿಯಾ ಎರಡೂ ಕಡೆ ಮಾರ್ಚ್‌ನಿಂದ ಮೇವರೆಗೆ ದೊಡ್ಡ ಮಳೆಗಾಲ. ಮಾರಾದ ಬಹಳಷ್ಟು ಭಾಗ ನಮ್ಮ ಹುಬ್ಬಳ್ಳಿ ಕಡೆಯ ಎರೆಮಣ್ಣಿನಂಥ ಕಪ್ಪು ನೆಲ. ನಾಲ್ಕು ಹನಿ ಬಿದ್ದರೆ ಗಾಡಿ ಹೂತುಕೊಳ್ಳುತ್ತದೆ. ಟಿವಿಯಲ್ಲಿ ನೋಡುತ್ತೀವಲ್ಲ, ವೈಲ್ಡ್‌ಬೀಸ್ಟ್ (ಕೋಡಿರುವ ದೊಡ್ಡ ಹುಲ್ಲೆ) ಹಿಂಡು ನದಿಗೆ ಧುಮುಕೋದು, ಅದು ಮಾರಾದಲ್ಲಿ ನಡೆಯೋದು ಸುಮಾರಾಗಿ ಜುಲೈಯಿಂದ ಅಕ್ಟೋಬರ್. ಮೇನಲ್ಲಿ ಆ ಹಿಂಡುಗಳು ಇನ್ನೂ ಸೆರೆಂಗೆಟಿಯಲ್ಲೇ ಇರುತ್ತವೆ. ಆಗ ಪ್ಯಾಕೇಜ್ ಅಗ್ಗಕ್ಕೆ ಸಿಗುತ್ತೆ ನಿಜ, ಯಾಕೆ ಅಗ್ಗ ಅಂತ ಒಮ್ಮೆ ಕೇಳಿ.

ಕ್ರೂಗರ್‌ನಲ್ಲಿ ಇದು ತಿರುಗುಮುರುಗು. ಅಲ್ಲಿ ಮಳೆ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ. ಮೇ ಹೊತ್ತಿಗೆ ಹಳ್ಳಕೊಳ್ಳ ಒಣಗುತ್ತಾ ಬಂದು, ಪ್ರಾಣಿಗಳು ನದಿ, ಕೆರೆ ಕಡೆ ಬರೋಕೆ ಶುರುಮಾಡುತ್ತವೆ. ಆಗಸ್ಟ್-ಸೆಪ್ಟೆಂಬರ್ ಇನ್ನೂ ಚೆನ್ನ, ಆದರೆ ಆಗ ಮಗಳಿಗೆ ಶಾಲೆ ಇರುತ್ತಲ್ವಾ?

ವಯಸ್ಸಾದವರಿಗೆ ಇದು ತುಂಬಾ ಅನುಕೂಲದ ಜಾಗ. ಕಾಡು ಸುಮಾರು 19,500 ಚದರ ಕಿ.ಮೀ. ಇದ್ದರೂ ಮುಖ್ಯ ದಾರಿಗಳೆಲ್ಲ ಡಾಂಬರು. ನಮ್ಮ ಹಾಗೇ ಎಡಗಡೆ ಓಡಿಸೋದು, ಡಾಂಬರು ರಸ್ತೆಯಲ್ಲಿ ಗಂಟೆಗೆ 50 ಕಿ.ಮೀ. ಮಿತಿ. ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿಕೊಂಡು ಹೋದರೆ ನೀವೇ ಕಾರು ಓಡಿಸಬಹುದು. ಸರ್ಕಾರಿ ಕ್ಯಾಂಪ್‌ಗಳಲ್ಲಿ ಅಡುಗೆ ಸೌಕರ್ಯ ಇರುವ ಮನೆಗಳಿವೆ. ನಾವು ಹೋದಾಗ ಅಮ್ಮ ಅಲ್ಲಿ ಅನ್ನ, ಹುರುಳಿಕಾಳು ಸಾರು ಮಾಡಿದ್ದರು. ಸಂಜೆ ಲೋವರ್ ಸಾಬಿ ಕ್ಯಾಂಪ್ ಪಕ್ಕದ ಸನ್‌ಸೆಟ್ ಡ್ಯಾಮ್ ಹತ್ತಿರ ಕಾರು ನಿಲ್ಲಿಸಿ, ಇಂಜಿನ್ ಆಫ್ ಮಾಡಿ ಕೂತಿದ್ದೆವು. ಮೊದಲು ನೀರಿನ ಮೇಲೆ ಕಲ್ಲುಗಳಿದ್ದ ಹಾಗೆ ಕಂಡಿತು. ಆಮೇಲೆ ಒಂದು ಕಲ್ಲು ಕಿವಿ ಅಲ್ಲಾಡಿಸಿತು. ನೀರಾನೆ! ಅದು ಉಸಿರು ಬಿಟ್ಟ ಸದ್ದಿಗೆ ಅಮ್ಮ ನನ್ನ ತೋಳು ಹಿಡಿದುಕೊಂಡರು. ಕತ್ತಲಾಗೋ ಮುಂಚೆ ಕ್ಯಾಂಪ್ ಗೇಟ್ ಒಳಗೆ ಇರಲೇಬೇಕು, ಅದೊಂದು ಮರೆಯಬೇಡಿ.

ಒಂದು ಕೊರತೆಯನ್ನೂ ಹೇಳಿಬಿಡುತ್ತೇನೆ. ಕ್ರೂಗರ್‌ನ ಬಹಳಷ್ಟು ಕಡೆ ಪೊದೆ ಜಾಸ್ತಿ. ಬಂಡೀಪುರದಲ್ಲಿ ಲಂಟಾನ ಮಧ್ಯೆ ಇಣುಕಿ ನೋಡಿದ ಅನುಭವ ಇದ್ದರೆ ನಿಮಗೆ ಅರ್ಥವಾಗುತ್ತದೆ. ಮಾರಾದ ಬಯಲು ಬೇರೆಯೇ. ಕಣ್ಣು ಹೋದಷ್ಟು ದೂರ ಹುಲ್ಲು. ನಮ್ಮ ಗಾಡಿಯಿಂದ ಎರಡು ಮಾರು ದೂರದಲ್ಲಿ ಸಿಂಹಿಣಿ ಮಲಗಿತ್ತು. ಗದ್ದದ ಮೇಲೆ ಒಣಗಿದ ರಕ್ತ, ಕಿವಿಯ ಅಂಚಿಗೆ ಸಾಲಾಗಿ ನೊಣ. ಅದು ನಮ್ಮ ಕಡೆ ನೋಡಲೂ ಇಲ್ಲ. ಅದಕ್ಕೇ ಮುಂದೊಂದು ವರ್ಷ ದಸರಾ ರಜೆಯನ್ನು ಮಾರಾಗೆ ಅಂತ ಎತ್ತಿಡಿ. ಸೆರೆಂಗೆಟಿ ಆಸೆ ಇದ್ದರೆ ಫೆಬ್ರವರಿ ಒಳ್ಳೆಯದು. ಆಗ ದಕ್ಷಿಣದ ಎನ್‌ಡುಟು ಬಯಲಲ್ಲಿ ವೈಲ್ಡ್‌ಬೀಸ್ಟ್ ಕರು ಹಾಕುವ ಸಮಯ.

ಎಲ್ಲಿಗೇ ಹೋದರೂ ಒಂದೇ ಪ್ರವಾಸದಲ್ಲಿ ಮೂರು ಕಾಡು ತುರುಕಬೇಡಿ. ಮೊದಲ ಸಲ ನಾವು ಟ್ರಾವೆಲ್ಸ್‌ನವರ ಮಾತು ಕೇಳಿ ಆರು ದಿನದಲ್ಲಿ ಕೀನ್ಯಾದ ಅಂಬೋಸೆಲಿ, ನಕುರು, ಮಾರಾ ಮೂರನ್ನೂ ಸುತ್ತಿದೆವು. ಅಮ್ಮ ಕಂಡಿದ್ದಕ್ಕಿಂತ ವ್ಯಾನಿನಲ್ಲಿ ಕುಲುಕಾಡಿದ್ದೇ ಜಾಸ್ತಿ. ನಾಲ್ಕನೇ ದಿನ ಬೆನ್ನು ನೋವಿಗೆ ರೂಮಿನಲ್ಲೇ ಮಲಗಿದರು. ಅವರನ್ನು ಅಲ್ಲಿ ಬಿಟ್ಟು ಸಫಾರಿಗೆ ಹೋದದ್ದು ನನಗೆ ಇವತ್ತಿಗೂ ಬೇಜಾರು. ಒಂದೇ ಜಾಗದಲ್ಲಿ ನಾಲ್ಕು ರಾತ್ರಿ ಇರಿ. ಬೆಳಿಗ್ಗೆ, ಸಂಜೆ ಹೋಗಿ ಬನ್ನಿ. ಮಧ್ಯಾಹ್ನ ಹಿರಿಯರು ಮಲಗಲಿ.

ಇನ್ನು ಲಸಿಕೆ. ಕೀನ್ಯಾಗೆ ಹೋಗಿ ಬಂದರೆ ಭಾರತಕ್ಕೆ ವಾಪಸ್ ಬರುವಾಗ ಯೆಲ್ಲೋ ಫೀವರ್ (ಸೊಳ್ಳೆಯಿಂದ ಹರಡುವ ಜ್ವರ) ಲಸಿಕೆಯ ಸರ್ಟಿಫಿಕೇಟ್ ಬೇಕು. ಚುಚ್ಚಿಸಿಕೊಂಡು ಹತ್ತು ದಿನ ಆದ ಮೇಲೇ ಅದು ಚಾಲ್ತಿಗೆ ಬರೋದು. ಅರವತ್ತು ದಾಟಿದವರಿಗೆ ಈ ಲಸಿಕೆಯಿಂದ ತೊಂದರೆ ಆಗುವ ಸಾಧ್ಯತೆ ಸ್ವಲ್ಪ ಜಾಸ್ತಿ, ಡಾಕ್ಟರನ್ನು ಕೇಳದೆ ಹಾಕಿಸಬೇಡಿ. ಸುಮ್ನೆ ಹೆದರಿಸುತ್ತಿಲ್ಲ, ನಿಮ್ಮ ಅಪ್ಪ ಅಮ್ಮನ ವಯಸ್ಸಿಗೆ ಇದು ಮುಖ್ಯ. ದಕ್ಷಿಣ ಆಫ್ರಿಕಾದಿಂದ ಬಂದರೆ ಆ ಸರ್ಟಿಫಿಕೇಟ್ ಬೇಕಿಲ್ಲ. ಆದರೆ ನೈರೋಬಿ ಅಥವಾ ಆಡಿಸ್ ಅಬಾಬಾದಲ್ಲಿ ವಿಮಾನ ಬದಲಿಸುವ ಟಿಕೆಟ್ ಆದರೆ ನಿಯಮ ನೋಡಿಕೊಳ್ಳಿ. ಕ್ರೂಗರ್‌ನಲ್ಲಿ ಮಲೇರಿಯಾ ಇದೆ, ಅದರ ಮಾತ್ರೆ ಬಗ್ಗೆಯೂ ಅದೇ ಡಾಕ್ಟರ್ ಹತ್ತಿರ ಮಾತಾಡಿ. ಮಲೇರಿಯಾದ ತಲೆನೋವೇ ಬೇಡ ಅನ್ನಿಸಿದರೆ ದಕ್ಷಿಣ ಆಫ್ರಿಕಾದಲ್ಲೇ ಇರುವ ಪಿಲಾನೆಸ್‌ಬರ್ಗ್, ಮಡಿಕ್ವೆ ಎರಡೂ ಮಲೇರಿಯಾ ಇಲ್ಲದ ಕಾಡುಗಳು, ಅಲ್ಲೂ ಸಿಂಹ, ಆನೆ, ಘೇಂಡಾಮೃಗ ಇವೆ.

ಮೇನಲ್ಲಿ ಬೆಳಗಿನ ಚಳಿ ಜೋರು, ಎಲ್ಲರಿಗೂ ಸ್ವೆಟರ್, ಟೋಪಿ ಇರಲಿ. ಬೈನಾಕ್ಯುಲರ್ ಮಾತ್ರ ಒಬ್ಬೊಬ್ಬರಿಗೂ ಒಂದೊಂದು ಬೇಕು. ಮಗಳ ಕೈಯಿಂದ ಅಜ್ಜಿ ಕೈಗೆ ಬರುವಷ್ಟರಲ್ಲಿ ಚಿರತೆ ಮರ ಇಳಿದು ಹೋಗಿರುತ್ತದೆ.