ಗ್ಲೌಸ್ ಬೇಡ, ಹಳೇ ಪೇಪರ್ ತನ್ನಿ

ಪ್ರಶ್ನೆ: ಮೇಡಂ, ನಾಲ್ಕು ವರ್ಷದ ಹಿಂದೆ ನರ್ಸರಿಯಿಂದ ತಂದ ಗೋಲ್ಡನ್ ಬ್ಯಾರೆಲ್ ಕ್ಯಾಕ್ಟಸ್ ಆಗ ನಿಂಬೆಹಣ್ಣಿನಷ್ಟಿತ್ತು, ಈಗ ದೊಡ್ಡ ಮೂಸಂಬಿಯಷ್ಟಾಗಿದೆ. ಪ್ಲಾಸ್ಟಿಕ್ ಕುಂಡ ಒಂದು ಕಡೆ ಸೀಳಿದೆ. ಸಂಕ್ರಾಂತಿ ಮುಗಿದ ಮೇಲೆ ಕುಂಡ ಬದಲಿಸೋಣ ಅಂತ ಹೋದೆ. ಪಾತ್ರೆ ತೊಳೆಯುವ ಗ್ಲೌಸ್ ಹಾಕಿದ್ದರೂ ಮುಳ್ಳು ಬೆರಳಿಗೆ ಇಳಿಯಿತು. ಹೇಗೆ ಹಿಡಿಯಲಿ?
– ಓದುಗರು, ದಾವಣಗೆರೆ

ಉತ್ತರ: ಆ ಗ್ಲೌಸ್ ಈ ಮುಳ್ಳಿಗೆ ಲೆಕ್ಕಕ್ಕೇ ಇಲ್ಲ. ನಾಲ್ಕು ಹಾಳೆ ಹಳೇ ಪೇಪರನ್ನು ಮೂರು ಬೆರಳಗಲದ ಪಟ್ಟಿಯಾಗಿ ಮಡಚಿ. ಗಿಡದ ಸೊಂಟಕ್ಕೆ ಸುತ್ತಿ, ಎರಡೂ ತುದಿ ಸೇರಿಸಿ ಹಿಡಿಯಿರಿ. ಹಿಡಿಕೆ ಸಿಕ್ಕಿತು ಅಲ್ವಾ? ಆದರೆ ಅದನ್ನು ಹಿಡಿದು ಗಿಡವನ್ನು ಎಳೆಯಬೇಡಿ. ಗಿಡ ಅಲುಗದೆ ನಿಲ್ಲಲಿ, ಕುಂಡ ಕಳಚಿಕೊಳ್ಳಲಿ. ನಿಮ್ಮದು ಹೇಗೂ ಸೀಳಿದೆ. ಕತ್ತರಿ ಹಾಕಿ ಪೂರ್ತಿ ಕತ್ತರಿಸಿಬಿಡಿ, ಹಳೇ ಪ್ಲಾಸ್ಟಿಕ್ ಮೇಲೆ ಯಾಕೆ ಕನಿಕರ!

(ಇಂಗ್ಲಿಷರು ಈ ಗಿಡಕ್ಕೆ ಅತ್ತೆ ಕೂರುವ ಮೆತ್ತೆ ಅನ್ನುತ್ತಾರೆ. ನಮ್ಮತ್ತೆಗೆ ನಾನು ಹೇಳಿಲ್ಲ.)

ಕೈ ಹಾಕುವ ಮುಂಚೆ ಒಂದು ವಾರ ನೀರು ನಿಲ್ಲಿಸಿ, ಒಣಮಣ್ಣು ತಾನೇ ಉದುರುತ್ತದೆ. ಮಳೆಗಾಲದಲ್ಲಿ ಕೇಳಿದ್ದರೆ ಬೇಡ ಅಂತಿದ್ದೆ. ಈಗ ಬಿಸಿಲೇರುವ ಕಾಲ, ಮಾಡಬಹುದು. ಹೊಸ ಕುಂಡ ಮಣ್ಣಿನದಿರಲಿ, ಒಂದಿಂಚು ಅಗಲವಾದರೆ ಸಾಕು, ತಳದಲ್ಲಿ ತೂತು ಇರಲೇಬೇಕು. ಇದು ಮೆಕ್ಸಿಕೋದ ಕಲ್ಲುಗುಡ್ಡದ ಗಿಡ. ಹಾಗಾಗಿ ಅರ್ಧದಷ್ಟು ದಪ್ಪ ಮರಳು ಮತ್ತು ಇಟ್ಟಿಗೆ ಚೂರು, ಉಳಿದರ್ಧ ಕೆಂಪು ಮಣ್ಣು, ಜೊತೆಗೆ ಒಂದೆರಡು ಹಿಡಿ ಗೊಬ್ಬರ. ಮೊದಲು ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳಕ್ಕೆ ಕೂರಿಸಿ.

ಆಮೇಲೆ ಸುಮ್ನೆ ಇರಿ. ನೆಟ್ಟ ಕೂಡಲೇ ಒಂದು ಚೊಂಬು ನೀರು ಹುಯ್ಯುವುದು ನಮಗೆಲ್ಲ ಅಭ್ಯಾಸ. ಗುಲಾಬಿಗೆ ಅದು ಸರಿ, ಇದಕ್ಕೆ ಅಲ್ಲ. ಕಿತ್ತಾಗ ಬೇರು ಅಲ್ಲಲ್ಲಿ ಹರಿದಿರುತ್ತದೆ. ಆ ಗಾಯ ಒಣಗುವ ಮೊದಲು ನೀರು ಬಿದ್ದರೆ ಕೊಳೆತ ಶುರು. ಒಂದು ವಾರ ನೀರು ಬೇಡ, ಉರಿಬಿಸಿಲೂ ಬೇಡ.

ನಿಮಗೆ ಚುಚ್ಚಿದ್ದು ಕಣ್ಣಿಗೆ ಕಾಣುವ ಮುಳ್ಳು, ಕಿತ್ತರೆ ಬಂತು. ನನ್ನನ್ನು ಅಳಿಸಿದ್ದು ಬನ್ನಿ ಇಯರ್ ಅಂತ ಮಾರುತ್ತಾರಲ್ಲ, ಮೊಲದ ಕಿವಿಯಂಥ ಕಳ್ಳಿ, ಅದು. ನಮ್ಮ ಪಾಪಾಸುಕಳ್ಳಿಯ ದಾಯಾದಿ. ಮೈಮೇಲೆ ಹಳದಿ ಚುಕ್ಕೆ, ನೋಡಲು ಮಖಮಲ್ಲು. ಬರಿಗೈಯಲ್ಲಿ ಹಿಡಿದೆ. ಒಂದೊಂದು ಚುಕ್ಕೆಯೂ ಕೂದಲಿನಂಥ ಮುಳ್ಳಿನ ಗೊಂಚಲು, ಪ್ರತಿ ಮುಳ್ಳಿಗೂ ಗಾಳದಂತೆ ಹಿಮ್ಮುಖ ಕೊಕ್ಕೆ. ಉರಿ ತಡೆಯಲಾರದೆ ಕೈಯನ್ನು ಟವೆಲಿಗೆ ಒರೆಸಿದೆ. ಅದೇ ಟವೆಲಿನಲ್ಲಿ ನಮ್ಮ ಯಜಮಾನರು ಮುಖ ಒರೆಸಿಕೊಂಡರು. ಅವತ್ತು ಊಟದ ಹೊತ್ತಿನಲ್ಲಿ ಮನೆಯಲ್ಲಿ ಮಾತಿರಲಿಲ್ಲ.

ನಿಮ್ಮ ಮನೆಯಲ್ಲೂ ಅದಿದ್ದರೆ ಪೇಪರ್ ಪಟ್ಟಿ ಸಾಲದು, ಇಕ್ಕಳದಲ್ಲೇ ಹಿಡಿಯಿರಿ. ಕೈಗೆ ಹತ್ತಿದರೆ ಉಜ್ಜಬೇಡಿ. ಚಿಮಟದಲ್ಲಿ ಸಿಕ್ಕಷ್ಟು ತೆಗೆದು, ಉಳಿದದ್ದರ ಮೇಲೆ ಫೆವಿಕಾಲ್ ತೆಳ್ಳಗೆ ಸವರಿ, ಬ್ಯಾಂಡೇಜ್ ಬಟ್ಟೆ ಒತ್ತಿ, ಪೂರ್ತಿ ಒಣಗಿದ ಮೇಲೆ ಸುಲಿಯಿರಿ. ಜಾಸ್ತಿ ಪಾಲು ಬಂದುಬಿಡುತ್ತವೆ. ಕಣ್ಣಿಗೆ ಹೋದರೆ ಮಾತ್ರ ಮನೆಮದ್ದು ಬೇಡ, ನೇರ ಕಣ್ಣಿನ ಡಾಕ್ಟರ ಹತ್ತಿರ ಹೋಗಿ.

ಆ ಟವೆಲನ್ನು ಎರಡು ಸಲ ಒಗೆದೆ. ಆಮೇಲೆ ಬಿಸಾಡಿದೆ.